ಮಲಪ್ರಭೆಯ ದಂಡೆಗುಂಟ ಎರಡು ಗಾಲಿ

ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್. ಅಲ್ಲಿಂದ ಐಹೊಳೆಗೆ ಸುಮಾರು 14. ಕಾರಿನವರು ಬೆಳಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಮೂರೂ ಊರುಗಳನ್ನು ಮುಗಿಸಿಬಿಡುತ್ತಾರೆ. ಗುಡಿಗಳೇನೋ ಕಣ್ಣಿಗೆ ಬೀಳುತ್ತವೆ. ಒಂದು ಗುಡಿಗೂ ಇನ್ನೊಂದಕ್ಕೂ ನಡುವಿನ ಹೊಲ, ಹಳ್ಳ, ಬಂಡೆಸಾಲು, ಹೊಳೆಯ ತಿರುವು ಮಾತ್ರ ಕಿಟಕಿಯಾಚೆ ಓಡಿಹೋಗುತ್ತವೆ. ಚಾಲುಕ್ಯರ ನಾಡನ್ನು ಅರಿಯಬೇಕೆಂದರೆ ಆ ನಡುವಿನ ದಾರಿಯೇ ಮುಖ್ಯ. ಅದಕ್ಕೆ ಸೈಕಲ್ಲಿಗಿಂತ ಒಳ್ಳೆಯ ವಾಹನ ಇನ್ನೊಂದಿಲ್ಲ.

6ನೇ ಶತಮಾನದ ನಡುವಿನಿಂದ 8ನೇ ಶತಮಾನದ ನಡುವಿನವರೆಗೆ, ಇನ್ನೂರು ವರ್ಷಗಳ ಕಾಲ ದಕ್ಖನಿನ ದೊಡ್ಡ ಭಾಗವನ್ನು ಆಳಿದ ಮನೆತನ ತನ್ನ ರಾಜಧಾನಿ, ಪಟ್ಟಾಭಿಷೇಕದ ತಾಣ, ವರ್ತಕರ ಪಟ್ಟಣ, ಕಲ್ಲುಗಣಿ ಎಲ್ಲವನ್ನೂ ಮಲಪ್ರಭಾ ಕಣಿವೆಯ ಈ ಸಣ್ಣ ತುಂಡಿನಲ್ಲೇ ಇರಿಸಿಕೊಂಡಿತ್ತು. ಅಂದಿನ ದೂರಗಳು ಕಾಲ್ನಡಿಗೆ ಮತ್ತು ಎತ್ತಿನ ಬಂಡಿಯ ಲೆಕ್ಕದವು. ಗಂಟೆಗೆ 12ರಿಂದ 15 ಕಿ.ಮೀ. ಸಾಗುವ ಸೈಕಲ್ ಆ ಲೆಕ್ಕಕ್ಕೆ ಕಾರಿಗಿಂತ ಹೆಚ್ಚು ಹತ್ತಿರ. ಕಲ್ಲು ಎಲ್ಲಿ ಸಿಕ್ಕಿತು, ನೀರು ಎಲ್ಲಿತ್ತು, ಜೋಳ ಎಲ್ಲಿ ಬೆಳೆಯಿತು, ಗುಡಿ ಎಲ್ಲಿ ಎದ್ದಿತು ಎಂಬುದೆಲ್ಲ ಒಂದೇ ದಿನದ ತುಳಿತದಲ್ಲಿ ತಾನಾಗಿ ಜೋಡಿಸಿಕೊಳ್ಳುತ್ತದೆ.

ಇದು ಸೈಕಲ್ಲಿಗೆ ಹೊಸ ನಾಡೂ ಅಲ್ಲ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗಿನ ತವರು. ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ರಾಜ್ಯದಿಂದ ಹೋಗುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಇಲ್ಲಿನ ರೈತ ಕುಟುಂಬಗಳ ಮಕ್ಕಳು. ಹಳ್ಳಿಯ ರಸ್ತೆಯೇ ಅವರ ಮೊದಲ ಮೈದಾನ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ತೊಡಗಿದ ಮೇಲಂತೂ, ಪಕ್ಕದೂರಿನ ಹೈಸ್ಕೂಲಿಗೆ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಸೈಕಲ್ ತುಳಿಯುವುದು ಈ ಸೀಮೆಯ ದಿನನಿತ್ಯದ ನೋಟವಾಯಿತು. ಅದಕ್ಕೂ ಹಿಂದಿನಿಂದ ಹಾಲಿನ ಕ್ಯಾನು, ಮೇವಿನ ಹೊರೆ, ಕೊಡಲಿ, ಬುತ್ತಿ ಎಲ್ಲವನ್ನೂ ಕ್ಯಾರಿಯರಿಗೆ ಕಟ್ಟಿಕೊಂಡು ಹೋದವರ ಊರುಗಳಿವು. ಹೊರಗಿನಿಂದ ಬಂದ ಸವಾರ ಇಲ್ಲಿ ವಿಚಿತ್ರ ಪ್ರಾಣಿಯಾಗಿ ಕಾಣುವುದಿಲ್ಲ. ಚಹಾದಂಗಡಿಯ ಮುಂದೆ ಇಳಿದರೆ ಮೊದಲ ಪ್ರಶ್ನೆ "ಯಾವೂರ್ರೀ ನಿಮ್ಮದು?" ಎಂಬುದು, ಎರಡನೆಯದು ಸೈಕಲ್ಲಿಗೆ ಎಷ್ಟು ಗೇರು ಎಂಬುದು.

ಹೋಗುವುದು ಕಷ್ಟವಲ್ಲ. ಗದಗದಿಂದ ಹೊಟಗಿಯ ಕಡೆಗೆ 19ನೇ ಶತಮಾನದಲ್ಲೇ ಹಾಕಿದ ರೈಲುಮಾರ್ಗದ ಮೇಲೆ ಬಾದಾಮಿ ನಿಲ್ದಾಣವಿದೆ. ಊರಿನಿಂದ ಸುಮಾರು 5 ಕಿ.ಮೀ. ದೂರ. ಸೈಕಲ್ಲನ್ನು ಪಾರ್ಸಲ್ ಕಚೇರಿಯಲ್ಲಿ ಬುಕ್ ಮಾಡಿಸಿ ಲಗೇಜ್ ಡಬ್ಬಿಯಲ್ಲಿ ತರಬಹುದು. ಊರಿನಲ್ಲೇ ಬಾಡಿಗೆಗೆ ಹಿಡಿಯುವುದಾದರೆ ಬ್ರೇಕು, ಚೈನು, ಟೈರಿನ ಗಾಳಿ ಮೂರನ್ನೂ ಅಂಗಡಿಯ ಮುಂದೆಯೇ ನೋಡಿಕೊಳ್ಳಬೇಕು. ರಸ್ತೆಯಂಚಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಧಾರಾಳ. ಒಂದು ಟ್ಯೂಬು, ಒಂದು ಪಂಪು, ಪ್ಯಾಚು, ಸೊಲ್ಯೂಷನ್ ಜೊತೆಯಲ್ಲಿರಲಿ. ಪಂಚರ್ ತೆಗೆಯುವವರು ದಾರಿಯ ದೊಡ್ಡ ಊರುಗಳಲ್ಲಿ ಸಿಗುತ್ತಾರೆ, ಮುಳ್ಳು ಚುಚ್ಚುವುದು ಮಾತ್ರ ಎರಡು ಊರುಗಳ ನಡುವೆ.

ಬಾದಾಮಿಯನ್ನು ಹಿಂದಿನ ದಿನವೇ ನೋಡಿಕೊಂಡಿದ್ದರೆ ಒಳ್ಳೆಯದು. ಒಂದನೇ ಪುಲಕೇಶಿ ಇಲ್ಲಿನ ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದು 543ರಲ್ಲಿ ಎಂದು ಬಂಡೆಯ ಶಾಸನವೇ ಹೇಳುತ್ತದೆ. ಬೆಟ್ಟದ ಬಂಡೆಯಲ್ಲಿ ಕೊರೆದ ಗುಹಾಲಯಗಳಲ್ಲಿ ಮೂರನೆಯದರಲ್ಲಿ ಚಾಲುಕ್ಯ ಮಂಗಳೇಶನ ಶಾಸನವಿದೆ. ಶಕ 500, ಅಂದರೆ ಕ್ರಿ.ಶ. 578. ಇಷ್ಟು ನಿಖರವಾದ ಕಾಲ ಬರೆದಿರುವ ಗುಹಾಲಯ ದೇಶದಲ್ಲಿ ಅಪರೂಪ. ಕೆರೆಯ ಆಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಹೊತ್ತಿನ ಈ ಬರಹದಲ್ಲಿ ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿ ಉಳಿದಿದೆ. ಕುಟ್ಟುವಾಗ, ಬೀಸುವಾಗ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಅದೇ ಮೂರು ಸಾಲಿನ ಧಾಟಿ. ಗುಹೆಗಳಿಗೆ ಬರುವ ನೂರು ಜನರಲ್ಲಿ ಆ ಬಂಡೆಯವರೆಗೆ ನಡೆಯುವವರು ಬೆರಳೆಣಿಕೆ. ಕನ್ನಡ ಓದುವವರು ನಡೆಯಲೇಬೇಕು.

ಬೆಳಗ್ಗೆ ಆರೂವರೆಗೆ ಊರು ಬಿಟ್ಟರೆ ಮೊದಲ 5 ಕಿ.ಮೀ. ಮೈ ಬಿಸಿಯಾಗುವಷ್ಟರಲ್ಲಿ ಮುಗಿಯುತ್ತದೆ. ಚೊಳಚಗುಡ್ಡದ ಬನಶಂಕರಿ ಬರುತ್ತದೆ. ಈಗಿನ ಗುಡಿ 18ನೇ ಶತಮಾನದ ಮರಾಠರ ಕಾಲದ್ದು, ದೇವಿಯ ನೆಲೆ ಬಹಳ ಹಳೆಯದು. ಮುಂದೆ ಹರಿದ್ರಾತೀರ್ಥದ ಚೌಕ ಹೊಂಡ, ಸುತ್ತ ಕಲ್ಲಿನ ಪಡಸಾಲೆ. ದೇವಿಗೆ ಶಾಕಂಭರಿ ಎಂಬ ಹೆಸರೂ ಇದೆ. ಪುಷ್ಯ ಮಾಸದ ಜಾತ್ರೆಯ ಹೊತ್ತಿಗೆ ನೂರೆಂಟು ಬಗೆಯ ತರಕಾರಿಯ ಅಡುಗೆ ಮಾಡಿ ಎಡೆ ಹಿಡಿಯುವ ಪಲ್ಲೇದ ಹಬ್ಬ ನಡೆಯುತ್ತದೆ. ಬನದ ಹುಣ್ಣಿಮೆಗೆ ತೇರು. ಆಮೇಲೆ ವಾರಗಟ್ಟಲೆ ಜಾತ್ರೆ, ವೃತ್ತಿ ನಾಟಕ ಕಂಪನಿಗಳ ಡೇರೆಗಳು. ಕನ್ನಡ ವೃತ್ತಿರಂಗಭೂಮಿಯ ಕಂಪನಿಗಳಿಗೆ ಬನಶಂಕರಿ ಜಾತ್ರೆಯೆಂದರೆ ವರ್ಷದ ದೊಡ್ಡ ಸುಗ್ಗಿ. ಆ ದಿನಗಳಲ್ಲಿ ಸೈಕಲ್ ತಂದರೆ ಜನ, ಬಂಡಿ, ಟ್ರ್ಯಾಕ್ಟರುಗಳ ನಡುವೆ ಇಳಿದು ತಳ್ಳಿಕೊಂಡೇ ಹೋಗಬೇಕಾದೀತು. ಹಾಗೆ ಹೋಗುವುದರಲ್ಲಿಯೂ ಬೇಸರವಿಲ್ಲ.

ಬನಶಂಕರಿಯ ನಿಜವಾದ ಪ್ರಸಾದ ಗುಡಿಯ ಹೊರಗೆ ಸಿಗುತ್ತದೆ ಎಂದರೆ ದೇವಿ ಮುನಿಯಲಾರಳು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲಿ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು ಬುಟ್ಟಿಯಲ್ಲಿ ಹೊತ್ತು ತಂದು ಕೂತಿರುತ್ತಾರೆ. "ಬರ್ರೀ ಅಣ್ಣಾರ, ಬಿಸಿ ರೊಟ್ಟಿ ಅದಾವು" ಎಂದು ಕರೆಯುವ ಅಕ್ಕನ ಮುಂದೆ ಕೂತು ಎರಡು ರೊಟ್ಟಿ ತಿಂದರೆ ಪಟ್ಟದಕಲ್ಲಿನವರೆಗೆ ಹೊಟ್ಟೆಯ ಚಿಂತೆಯಿಲ್ಲ. ಒಂದಿಷ್ಟು ಕಡಕ್ ರೊಟ್ಟಿ ಕಟ್ಟಿಸಿಕೊಂಡರೆ ಇನ್ನೂ ಒಳ್ಳೆಯದು. ಚೀಲದಲ್ಲಿ ಕೆಡದೆ ಉಳಿಯುವ ಇದಕ್ಕಿಂತ ಒಳ್ಳೆಯ ಸವಾರಿಯ ಬುತ್ತಿ ಯಾವ ಅಂಗಡಿಯಲ್ಲೂ ಸಿಗದು.

ಇಲ್ಲಿಂದ ಮುಂದೆ ನೆಲವನ್ನು ನೋಡುತ್ತ ಹೋಗಬೇಕು. ಬೆಟ್ಟದ ಬುಡದಲ್ಲಿ ಕೆಂಪು ಮಸಾರಿ, ಹೊಳೆಯ ಕಡೆಗೆ ಇಳಿದಂತೆ ಕಪ್ಪು ಎರಿ. ಮಸಾರಿಯಲ್ಲಿ ಶೇಂಗಾ, ಸಜ್ಜೆ. ಎರಿಹೊಲದಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಸೂರ್ಯಕಾಂತಿ. ನೀರು ಹಾಯುವ ಕಡೆ ಕಬ್ಬು. ಮಸಾರಿಯ ಕೆಂಪು ಬಂದದ್ದು ಮೇಲಿನ ಬಂಡೆಯಿಂದ. ಬಾದಾಮಿಯ ಮರಳುಗಲ್ಲು ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿಯ ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಅಲೆಗಳು ಮರಳಿನ ಮೇಲೆ ಮೂಡಿಸಿದ ಗೀರುಗಳು ಕೆಲವು ಬಂಡೆಗಳ ಮೇಲೆ ಇವತ್ತಿಗೂ ಕಾಣುತ್ತವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಈ ಸೀಮೆಯನ್ನೆಲ್ಲ ಸುತ್ತಿ ವರದಿ ಬರೆದರು. ಮಲಪ್ರಭೆಯ ದಂಡೆಯಲ್ಲಿ ಶಿಲಾಯುಗದ ಕಲ್ಲಿನ ಆಯುಧಗಳನ್ನು ಗುರುತಿಸಿದವರೂ ಅವರೇ. ಪದರವಿದ್ದ ಕಲ್ಲು ಆದ್ದರಿಂದ ಚಪ್ಪಡಿಯಾಗಿ ಬಿಡಿಸುವುದು ಸುಲಭ, ಉಳಿಗೆ ಬಗ್ಗುವಷ್ಟು ಮೃದು, ಸಾವಿರ ಮಳೆಗಾಲ ತಡೆಯುವಷ್ಟು ಗಟ್ಟಿ. ಗುಹೆ ಕೊರೆದ ಕೈಗಳು ಮುಂದೆ ಅದೇ ಕಲ್ಲನ್ನು ಕಡಿದು ಹೊರಗೆ ತಂದು ಗುಡಿ ಕಟ್ಟಿದವು. ಪಟ್ಟದಕಲ್ಲಿನ ಉತ್ತರಕ್ಕೆ ಕೆಲವೇ ಕಿ.ಮೀ. ದೂರದ ಬಂಡೆಗಳಲ್ಲಿ ಕಲ್ಲು ಎಬ್ಬಿಸಿದ ಗುರುತು, ಕುಶಲಕರ್ಮಿಗಳು ಬಿಡುವಿನಲ್ಲಿ ಕೊರೆದ ರೇಖಾಚಿತ್ರ, ತಮ್ಮದೇ ಹೆಸರು ಎಲ್ಲವೂ ಇವೆ. ಆ ಚಪ್ಪಡಿಗಳು ಬಂಡಿಯ ಮೇಲೆ ಸಾಗಿದ ಇಳಿಜಾರಿನಲ್ಲೇ ಸೈಕಲ್ ಕೂಡ ಪೆಡಲ್ ತುಳಿಯದೆ ಸರಾಗ ಇಳಿಯುತ್ತದೆ.

ಹೊಳೆಯ ದಂಡೆಯಲ್ಲಿ ಶಿವಯೋಗಮಂದಿರ ಸಿಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಈ ಸಂಸ್ಥೆಯಲ್ಲಿ ಕಲಿತ ಸ್ವಾಮಿಗಳು ಉತ್ತರ ಕರ್ನಾಟಕದ ಊರೂರಿನ ಮಠಗಳಿಗೆ ಹೋದರು. ಇಲ್ಲಿನ ಗೋಶಾಲೆಯ ಸಗಣಿಯಿಂದ ಮಾಡುವ ವಿಭೂತಿ ನಾಡಿನಲ್ಲೆಲ್ಲ ಹೆಸರುವಾಸಿ. ಕಣ್ಣಿಲ್ಲದ ಬಾಲಕ ಗದಿಗೆಯ್ಯನ ಸಂಗೀತ ಕಲಿಕೆಗೆ ಆಸರೆಯಾಗಿ, ಅವರು ಪಂಚಾಕ್ಷರಿ ಗವಾಯಿಗಳಾಗಿ ಬೆಳೆಯಲು ದಾರಿ ಮಾಡಿದವರೂ ಇದೇ ಕುಮಾರಸ್ವಾಮಿಗಳು.

ಮುಖ್ಯ ರಸ್ತೆಯಿಂದ ಒಳಗೆ ಹೊರಳಿದರೆ ಮಹಾಕೂಟ. ಬಾದಾಮಿಯಿಂದ ಬೆಟ್ಟ ದಾಟಿ ಬರುವ ಹಳೆಯ ಕಾಲುದಾರಿ ಹತ್ತಿರದ್ದು, ಆದರೆ ಸೈಕಲ್ಲಿಗೆ ಅಲ್ಲ. ರಸ್ತೆಯ ಸುತ್ತು ಹಾಕಲೇಬೇಕು. ಸುತ್ತು ಸಾರ್ಥಕ. ದೊಡ್ಡ ಮರಗಳ ನೆರಳು, ಬೆಟ್ಟದ ಬುಡದಿಂದ ಬರುವ ಚಿಲುಮೆ, ಆ ನೀರು ತುಂಬಿದ ಪುಷ್ಕರಣಿ, ಅದರ ನಡುವಿನ ಸಣ್ಣ ಮಂಟಪದಲ್ಲಿ ಐದು ಮುಖದ ಲಿಂಗ. ಮಂಗಳೇಶ ಇಲ್ಲಿ ನಿಲ್ಲಿಸಿದ ವಿಜಯಸ್ತಂಭವನ್ನು ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಮ್ಮಿಗೆ ಸಾಗಿಸಲಾಗಿದೆ. ಸ್ಥಳದಲ್ಲೇ ಉಳಿದಿರುವ ಇನ್ನೊಂದು ಶಾಸನ ಅರಸನದಲ್ಲ. ಚಾಲುಕ್ಯ ಅರಸ ವಿಜಯಾದಿತ್ಯನ ಪ್ರೀತಿಪಾತ್ರಳಾಗಿದ್ದ ವೀನಾಪೋಟಿ ಎಂಬ ಸೂಳೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಹೊಲವನ್ನು ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಕೊಟ್ಟವಳ ಅಜ್ಜಿ, ತಾಯಿಯ ಹೆಸರೂ ಅದರಲ್ಲಿದೆ. 1300 ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ತನ್ನ ತಾಯಬಳಿಯನ್ನು ಕನ್ನಡದಲ್ಲಿ ಕಲ್ಲಿಗೆ ಬರೆಸಿದಳು. ಇಷ್ಟು ದೂರ ತುಳಿದು ಬಂದವರು ಆ ಕಂಬದ ಮುಂದೆ ಒಂದು ಗಳಿಗೆ ನಿಲ್ಲಲಿ. ಆಮೇಲೆ ಹೊಂಡಕ್ಕೆ ಇಳಿಯಬಹುದು. ಊರಿನ ಹುಡುಗರು ಧುಮುಕಿ ಈಜುವ ಆ ತಣ್ಣನೆಯ ನೀರು ಬಿಸಿಲೇರಿದ ಕಾಲುಗಳಿಗೆ ಬೇರೆಯದೇ ಬಲ ಕೊಡುತ್ತದೆ.

ಪಟ್ಟದಕಲ್ಲು ದೂರದಿಂದಲೇ ತೋರುತ್ತದೆ. ಬಯಲಿನ ನಡುವೆ, ಹೊಳೆಯ ಎಡದಂಡೆಯಲ್ಲಿ ಶಿಖರಗಳ ಗುಂಪು. ಇಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತದೆ. ಉತ್ತರಕ್ಕೆ ಹರಿಯುವ ಹೊಳೆ ಪವಿತ್ರವೆಂಬ ನಂಬಿಕೆ ಈ ಜಾಗವನ್ನು ಪಟ್ಟಾಭಿಷೇಕದ ತಾಣವಾಗಿಸಿತು. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇರೆಲ್ಲೂ ಸುಲಭವಾಗಿ ಸಿಗದ ಒಂದು ಸಂಗತಿ ಇಲ್ಲಿದೆ: ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ವಿಮಾನ ಎರಡೂ ಒಂದೇ ಅಂಗಳದಲ್ಲಿ ಎದ್ದಿವೆ. ಗಳಗನಾಥ, ಕಾಡಸಿದ್ಧೇಶ್ವರ, ಜಂಬುಲಿಂಗ ಒಂದು ಬಗೆ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಇನ್ನೊಂದು ಬಗೆ. ಸ್ವಲ್ಪ ದೂರದ ಪಾಪನಾಥದಲ್ಲಿ ಗೋಡೆ ಒಂದು ಪದ್ಧತಿಯದು, ಶಿಖರ ಮತ್ತೊಂದರದು.

ವಿರೂಪಾಕ್ಷವನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಮಗ್ಗುಲಿನ ಮಲ್ಲಿಕಾರ್ಜುನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಗೆದ್ದ ಅರಸ ಕಂಚಿಯನ್ನು ಸುಡಲಿಲ್ಲ. ಅಲ್ಲಿನ ಕೈಲಾಸನಾಥನ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅದನ್ನು ಕನ್ನಡದಲ್ಲಿ ಆ ಗುಡಿಯ ಕಂಬದ ಮೇಲೆ ಬರೆಸಿ ಬಂದ. ಆದರೆ ವಿರೂಪಾಕ್ಷದ ಮುಂದೆ ನಿಂತಾಗ ಅರಸನಿಗಿಂತ ಹೆಚ್ಚು ನೆನೆಯಬೇಕಾದ ಹೆಸರು ಗುಂಡ. ಅನಿವಾರಿತಾಚಾರಿ ಎಂಬ ಬಿರುದಿನ ಈ ಸೂತ್ರಧಾರಿಗೆ ಅರಸನೇ ತ್ರಿಭುವನಾಚಾರಿ ಎಂಬ ಗೌರವ ಕೊಟ್ಟದ್ದು ಮೂಡಣ ಬಾಗಿಲಿನ ಬಳಿಯ ಕನ್ನಡ ಶಾಸನದಲ್ಲಿದೆ. ಒಳಗಿನ ಫಲಕಗಳ ಮೇಲೆ ಬಲದೇವ, ಚೆಂಗಮ್ಮ, ಪುಲ್ಲಪ್ಪ ಮುಂತಾಗಿ ಕೆತ್ತಿದವರ ಹೆಸರುಗಳಿವೆ. ಹಾಡುವವರಿಗೆ ಹಿಂದಿನ ಅರಸ ಕೊಟ್ಟಿದ್ದ ಉಂಬಳಿಯನ್ನು ಲೋಕಮಹಾದೇವಿ ಮುಂದುವರಿಸಿದ್ದನ್ನು ಹೇಳುವ ಶಾಸನವೂ ಉಂಟು. ಬನಶಂಕರಿಯಲ್ಲಿ ನಾಟಕದ ಡೇರೆಗಳನ್ನು ದಾಟಿ ಬಂದ ಸವಾರನಿಗೆ ಈ ಸಾಲು ಹಳೆಯದೆನ್ನಿಸುವುದಿಲ್ಲ.

ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಹೊಳೆ ಮಾತ್ರ ಯಾವಾಗಲೂ ಶಾಂತವಾಗಿ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಗುಡಿಗಳ ಅಂಗಳಕ್ಕೇ ನುಗ್ಗಿತು. ಊರುಗಳು ನೀರಿನಲ್ಲಿ ನಿಂತವು, ಜನ ಎತ್ತರದ ಜಾಗಗಳಿಗೆ ಹೋದರು. ಮಳೆಗಾಲದಲ್ಲಿ ಈ ದಾರಿ ಹಿಡಿಯುವವರು ಮೇಲಿನ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ಊರಿನವರನ್ನು ಕೇಳಿಯೇ ಸೇತುವೆ ದಾಟಬೇಕು. ಎರಿಮಣ್ಣಿನ ಒಳದಾರಿಗೆ ಆ ಕಾಲದಲ್ಲಿ ಇಳಿಯಲೇಬಾರದು. ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮಣ್ಣು ತುಂಬಿ ಸೈಕಲ್ ಹೊತ್ತುಕೊಂಡು ನಡೆಯಬೇಕಾಗುತ್ತದೆ.

ಗಾಳಿಯ ಲೆಕ್ಕವೂ ಇದೆ. ಐಹೊಳೆ ಬಾದಾಮಿಯ ಈಶಾನ್ಯಕ್ಕಿದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಹೋಗುವಾಗ ಬೆನ್ನಿಗೆ, ಮರಳುವಾಗ ಎದೆಗೆ. ಚಳಿಗಾಲದ ಮೂಡಗಾಳಿಯಲ್ಲಿ ಇದು ತಿರುಗುಮುರುಗು. ನವೆಂಬರಿನಿಂದ ಫೆಬ್ರುವರಿಯವರೆಗೆ ಸವಾರಿಗೆ ಹೇಳಿಮಾಡಿಸಿದ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೇಡವೇ ಬೇಡ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಬಂದವರು ಪುಣ್ಯವಂತರು. ಹೊಲಗಳಲ್ಲಿ ಮನೆಮಂದಿಯೆಲ್ಲ ಕೂಡಿ ಚರಗ ಚೆಲ್ಲುವ ದಿನ ಅದು. ದಾರಿಹೋಕರಿಗೆ ಉಣಿಸದೆ ಬಿಡುವ ರೂಢಿ ಈ ನಾಡಿನಲ್ಲಿಲ್ಲ. ಅದರ ನಂತರದ ವಾರಗಳಲ್ಲಿ ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಕಾಳು ಬಿಡಿಸಿ, ಚಟ್ನಿಪುಡಿಯೊಂದಿಗೆ ಬೊಗಸೆಗೆ ಹಾಕುತ್ತಾರೆ.

ಹೊಳೆ ದಾಟಿ ಐಹೊಳೆಯ ಕಡೆಗೆ ತಿರುಗಿದ ಮೇಲೆ ರಸ್ತೆ ಸಣ್ಣ ಸಣ್ಣ ಏರುಗಳನ್ನು ಹತ್ತಿ ಇಳಿಯುತ್ತದೆ. ವಾಹನ ಕಡಿಮೆ, ಕುರಿಹಿಂಡು ಹೆಚ್ಚು. ಐಹೊಳೆ ತಲುಪಿದಾಗ ಮೊದಲು ತಿಳಿಯುವುದು ಇದು ಊರೊಳಗಿನ ಗುಡಿಗಳ ತಾಣವೆಂದು. ನೂರಕ್ಕೂ ಹೆಚ್ಚು ಗುಡಿಗಳು ಮನೆ, ಹಿತ್ತಲು, ಗೋದಲಿ, ಬಣವೆಗಳ ನಡುವೆ ಚೆದುರಿವೆ. ಪುರಾತತ್ವ ಇಲಾಖೆ ಕೈಗೆತ್ತಿಕೊಳ್ಳುವ ಮೊದಲು ಎಷ್ಟೋ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು. ಲಾಡಖಾನ್ ಎಂಬಾತ ನೆಲೆಸಿದ್ದ ಗುಡಿಗೆ ಅವನ ಹೆಸರೇ ನಿಂತಿತು. ಗೌಡರ ಗುಡಿ, ಚಿಕ್ಕಿ ಗುಡಿ, ಅಂಬಿಗೇರ ಗುಡಿ, ತಾರಪ್ಪನ ಗುಡಿ, ಹುಚ್ಚಿಮಲ್ಲಿ ಗುಡಿ ಎಂಬ ಹೆಸರುಗಳೆಲ್ಲ ಹಳ್ಳಿಯವೇ. ಲಾಡಖಾನ್ ಗುಡಿಯ ಮಾಡನ್ನು ತಲೆಯೆತ್ತಿ ನೋಡಿದರೆ ಚಪ್ಪಡಿಗಳ ಸಂದು ಮುಚ್ಚಲು ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮರದ ತೊಲೆಯಂತೆ ಹಾಸಿರುವುದು ಕಾಣುತ್ತದೆ. ಮರದ ಮನೆ ಕಟ್ಟಿ ಬಲ್ಲವರು ಕಲ್ಲಿನಲ್ಲಿ ಕೈ ಪಳಗಿಸಿಕೊಂಡ ಬಗೆ ಅದು. ಗಜಪೃಷ್ಠದ ದುರ್ಗ ಗುಡಿಯ ಸುತ್ತಲಿನ ಕಂಬಸಾಲಿನ ಪಡಸಾಲೆಯಲ್ಲಿ ಬಿಸಿಲು ನೆರಳು ಸರಿಯುವುದನ್ನು ನೋಡುತ್ತ ದಣಿವಾರಿಸಿಕೊಳ್ಳಬಹುದು; ಆ ಹೆಸರು ಬಂದದ್ದು ಪಕ್ಕದ ಕೋಟೆಯಿಂದ, ದೇವಿಯಿಂದ ಅಲ್ಲ. ಊರನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ಇದೆ. ಗುಡಿಗಳ ರಕ್ಷಣೆ ಬೇಕು, ನಿಜ. ಆದರೆ ಗುಡಿಗೆ ಹೆಸರು ಕೊಟ್ಟ ಜನ ದೂರ ಸರಿದ ಮೇಲೆ ಐಹೊಳೆ ಇನ್ನೊಂದು ಬೇಲಿಯೊಳಗಿನ ಉದ್ಯಾನವಾಗಿಬಿಡುತ್ತದೆ. ಅವರಿಗೆ ಒಳ್ಳೆಯ ಮನೆ, ಅಂಗಳ, ದನಕರುಗಳಿಗೆ ಜಾಗ ಹತ್ತಿರದಲ್ಲೇ ಸಿಗಬೇಕು.

ಇದೇ ಊರು ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಮೂಲ. ದಕ್ಷಿಣ ಭಾರತದಲ್ಲೆಲ್ಲ, ಸಮುದ್ರದಾಚೆಯೂ ಅವರ ಶಾಸನಗಳು ಸಿಕ್ಕಿವೆ. ಅವರ ಸರಕು ಸಾಗಿದ್ದು ಎತ್ತು, ಕತ್ತೆಗಳ ಬೆನ್ನ ಮೇಲೆ, ಇಂಥ ದಾರಿಗಳಲ್ಲೇ.

ಸೈಕಲ್ಲನ್ನು ಕೆಳಗೆ ಬೀಗ ಹಾಕಿ ಮೇಗುಟಿಯ ಮೆಟ್ಟಿಲು ಹತ್ತಬೇಕು. ರವಿಕೀರ್ತಿ ಕಟ್ಟಿಸಿದ ಈ ಜಿನಾಲಯದ ಗೋಡೆಯಲ್ಲಿ ಅವನದೇ ಸಂಸ್ಕೃತ ಕಾವ್ಯಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದನ್ನು ನಾವು ಪಾಠಪುಸ್ತಕದಲ್ಲಿ ಓದುವುದಕ್ಕೆ ಈ ಕಲ್ಲು ದೊಡ್ಡ ಆಧಾರ. ಕವಿ ತನ್ನನ್ನು ಕಾಳಿದಾಸ, ಭಾರವಿಗಳ ಜೊತೆಗೆ ಹೋಲಿಸಿಕೊಂಡಿರುವುದರಿಂದ ಆ ಇಬ್ಬರೂ 634ಕ್ಕಿಂತ ಮೊದಲಿನವರೆಂಬುದು ಖಚಿತವಾಯಿತು. ಗುಡಿಯ ಹಿಂದಿನ ಬಂಡೆಹಾಸಿನ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಮುಚ್ಚಿದ ಬೃಹತ್ ಶಿಲಾಯುಗದ ಗೋರಿಗಳಿವೆ. ಚಾಲುಕ್ಯರಿಗಿಂತ ಎಷ್ಟೋ ಮೊದಲೇ ಈ ಕಲ್ಲನ್ನು ಎಬ್ಬಿಸಲು ಬಲ್ಲವರು ಇಲ್ಲಿದ್ದರು. ಬೆಟ್ಟದ ತುದಿಯಿಂದ ಕಣಿವೆ, ಹೊಳೆಯ ಹಸಿರು ಗೆರೆ, ಬೆಳಗಿನಿಂದ ಬಂದ ದಾರಿಯ ದಿಕ್ಕು ಒಟ್ಟಿಗೆ ಕಾಣುತ್ತವೆ.

ಆಮೇಲೆ ಎರಡು ದಾರಿ. ಕಾಲಿನಲ್ಲಿ ಕಸುವಿದ್ದರೆ ಪಟ್ಟದಕಲ್ಲಿನ ಮೇಲೆಯೇ ಬಾದಾಮಿಗೆ ಮರಳಬಹುದು. ಮಹಾಕೂಟದ ಸುತ್ತೂ ಸೇರಿ ದಿನದ ಒಟ್ಟು ದೂರ 80 ಕಿ.ಮೀ. ಆಸುಪಾಸು. ಮಧ್ಯಾಹ್ನ ಎರಡೂವರೆಗೆ ಐಹೊಳೆ ಬಿಟ್ಟರೆ ಕತ್ತಲಾಗುವ ಮೊದಲು ಊರು ಸೇರಬಹುದು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ದೀಪವಿರುವುದು ಕಡಿಮೆ, ಕತ್ತಲೆಯ ಸವಾರಿ ಬೇಡ. ಇಲ್ಲವಾದರೆ ಸುಮಾರು 10 ಕಿ.ಮೀ. ದೂರದ ಅಮೀನಗಡಕ್ಕೆ ತುಳಿಯುವುದು. ಅಂಟು, ಬೆಲ್ಲ, ಒಣಹಣ್ಣು, ಕೊಬ್ಬರಿ ಸೇರಿಸಿ ಮಾಡುವ ಅಲ್ಲಿನ ಕರದಂಟು ಬಾಣಂತಿಯರಿಗೂ ಪೈಲವಾನರಿಗೂ ಕೊಡುವ ತಿನಿಸು. ಸೈಕಲ್ ತುಳಿದವರಿಗೂ ಅಷ್ಟೇ ಹಕ್ಕಿದೆ. ಅಲ್ಲಿಂದ ಬಾಗಲಕೋಟೆಗೆ ಬಸ್ಸುಗಳಿವೆ. ಸೈಕಲ್ಲಿಗೆ ಜಾಗವಿದೆಯೇ, ಲಗೇಜಿನ ದರ ಎಷ್ಟು ಎಂದು ಹತ್ತುವ ಮೊದಲೇ ಕಂಡಕ್ಟರನನ್ನು ಕೇಳಿಕೊಳ್ಳಬೇಕು. ಬಾಗಲಕೋಟೆಯಿಂದ ಬಾದಾಮಿಗೆ ರೈಲು, ಬಸ್ಸು ಎರಡೂ ಇವೆ.